ತಮ್ಮನ ಪಿಟೀಲು, ಗಿರಣಿ ಕಿವಿ

ಅಮೆರಿಕಕ್ಕೆ ಹೋಗಿಬಂದವರನ್ನು ಕೇಳಿದರೆ ದೊಡ್ಡ ಜಲಪಾತ ನೋಡಿದೆವು, ಮುಗಿಲು ಮುಟ್ಟುವ ಕಟ್ಟಡ ಹತ್ತಿದೆವು ಎನ್ನುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ಹನ್ನೆರಡು ದಿನ ಒಂದು ಬಿಳಿ ವ್ಯಾನಿನ ಹಿಂದಿನ ಸೀಟಿನಲ್ಲಿದ್ದೆ. ಪಕ್ಕದಲ್ಲಿ ಬಾಸು ಎಂಬ ಆಳೆತ್ತರದ ವಾದ್ಯ ಮಲಗಿರುತ್ತಿತ್ತು. ತಿರುವು ಬಂದಾಗ ಅದು ನನ್ನ ಮೇಲೆ ಬೀಳುತ್ತಿತ್ತು, ನಾನು ಅದನ್ನು ಆಚೆ ದಬ್ಬುತ್ತಿದ್ದೆ. ನಾನು ಕಂಡ ಅಮೆರಿಕ ಅಷ್ಟೇ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಅರವತ್ತೈದು, ಐದು ಮೊಮ್ಮಕ್ಕಳ ಅಜ್ಜಿ. ನನ್ನ ತಮ್ಮ ವಸಂತನಿಗೆ ಅರವತ್ತು. ಅವನು ಇಪ್ಪತ್ತನಾಲ್ಕನೆಯ ವಯಸ್ಸಿಗೆ ನೂಲಿನ ಯಂತ್ರ ಕಲಿಯಲು ಉತ್ತರ ಕೆರೊಲಿನಾಕ್ಕೆ ಹೋದವನು, ಅಲ್ಲಿಯ ಒಂದು ಗಿರಣಿಯಲ್ಲೇ ಮೂವತ್ತು ವರ್ಷ ಮಗ್ಗಗಳ ನಡುವೆ ಕಳೆದ. ಗಿರಣಿಯ ಜನ ಕೆಲಸ ಬಿಟ್ಟ ಮೇಲೆ ಪಿಟೀಲು, ಗಿಟಾರು, ಚರ್ಮ ಬಿಗಿದ ಬ್ಯಾಂಜೊ ಹಿಡಿದು ಒಬ್ಬರ ಮನೆಯ ಜಗಲಿಯಲ್ಲಿ ಕೂಡುತ್ತಿದ್ದರಂತೆ. ಇವನೂ ಊರಿನಿಂದ ಪಿಟೀಲು ಒಯ್ದಿದ್ದ. ಒಂದು ಸಂಜೆ ಹೋಗಿ ಕೂತ, ಆಮೇಲೆ ಏಳಲಿಲ್ಲ. ಅವರ ಹಾಡಿಗೆ ಬ್ಲೂಗ್ರಾಸ್ ಎನ್ನುತ್ತಾರೆ. ಗುಡ್ಡಗಾಡಿನ ಹಾಡು. ಸತ್ತ ತಾಯಿ, ಮುಳುಗಿದ ಮಗು, ಬಿಟ್ಟುಹೋದ ರೈಲು, ಇಂಥವೇ ಸಂಗತಿ. ಆದರೆ ಯಾರೋ ಬೆನ್ನಟ್ಟಿದಂತೆ ಬಾರಿಸುತ್ತಾರೆ. ಅಳುವ ಹಾಡನ್ನು ಇಷ್ಟು ಅವಸರದಲ್ಲಿ ಹಾಡುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ.

ವಸಂತನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಗಿರಣಿ ಮುಚ್ಚಿತ್ತು. ಮೊದಲು ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದವನು ಎರಡು ವರ್ಷದಿಂದ ಬರೀ ಕಾಗದ ಬರೆಯುತ್ತಿದ್ದ. ಜಿಪುಣನಾದ ಎಂದುಕೊಂಡಿದ್ದೆ. ‘ಒಮ್ಮೆ ಬಂದು ಹೋಗು ಅಕ್ಕಾ, ನನ್ನ ಬ್ಯಾಂಡಿನವರನ್ನು ನೋಡು’ ಎಂದು ಬರೆದ. ಹೋದೆ.

ಹರ್ನ್‌ಡನ್

ಅಮೆರಿಕದ ರಾಜಧಾನಿಯ ಹತ್ತಿರ ವಿಮಾನ ಇಳಿದು ಹೊರಗೆ ಬಂದರೆ ತಮ್ಮ ನಿಂತಿದ್ದ. ಅಗಲ ಅಂಚಿನ ಟೊಪ್ಪಿಗೆ, ಕಾಲಲ್ಲಿ ಚೂಪು ಬೂಟು.

“ಇದೇನೋ ವೇಷ? ಅಪ್ಪನ ನಾಟಕ ಕಂಪನಿ ಮತ್ತ ಎದ್ದೈತೇನು?” ಎಂದೆ.

“ಬ್ಯಾಂಡಿನ ಅರಿವಿ ಅಕ್ಕಾ. ನಾಳೆ ಸಂಜೀಕ ಇಲ್ಲೇ ಬಾರಸೋದೈತಿ,” ಎಂದು ಕಾಲು ಮುಟ್ಟಿದ.

ಮೂರು ರಾತ್ರಿ ಉಳಿದದ್ದು ಶೈಲಾಳ ಮನೆಯಲ್ಲಿ. ಹುಬ್ಬಳ್ಳಿಯ ಗಿರಣಿ ಚಾಳಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ. ಈಗ ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹುಟ್ಟಿದ್ದು ಹುಬ್ಬಳ್ಳಿಯಾದರೂ ಮಾತು ಪೂರಾ ಬೆಂಗಳೂರಿನದಾಗಿತ್ತು.

“ಆಂಟಿ, ಅಂಕಲ್ ಅಷ್ಟು ಚೆನ್ನಾಗಿ ವಯೊಲಿನ್ ಪ್ಲೇ ಮಾಡ್ತಾರೆ, ಟೆಂಪಲ್‌ನಲ್ಲಿ ಒಂದು ಪ್ರೋಗ್ರಾಂ ಕೊಡಬಹುದಲ್ವಾ? ಆ ಕೌಬಾಯ್ ಮ್ಯೂಸಿಕ್ ಯಾಕೆ ಅಂತ ನಮಗೆಲ್ಲ ಆಶ್ಚರ್ಯ,” ಎಂದಳು.

“ನೀ ಕೇಳೀಯೇನು ಅದನ್ನ?”

“ಇಲ್ಲ ಆಂಟಿ, ಟೈಮೇ ಆಗಿಲ್ಲ.”

“ಹಂಗಾದ್ರ ನಾಳೆ ಬಾ.”

“ನಾಳೆ ಲಾಂಡ್ರಿ ಇದೆ ಆಂಟಿ.”

ಅವಳ ಏಳು ವರ್ಷದ ಮಗಳು ನನ್ನ ಸೀರೆಯ ಅಂಚು ಹಿಡಿದು “ಅಜ್ಜಿ, ಆರ್ ಯೂ ಇನ್ ದ ಬ್ಯಾಂಡ್?” ಎಂದಿತು. ಹೂಂ ಎಂದೆ. ನಂಬಿತು.

ಕಾರ್ಯಕ್ರಮ ನಡೆದದ್ದು ಬೆಂಕಿ ಆರಿಸುವವರ ಸಭಾಗೃಹದಲ್ಲಿ. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮಡಚುವ ಕುರ್ಚಿ ಹಾಕಿದ್ದರು. ಒಂದು ಮೂಲೆಯಲ್ಲಿ ಹೆಂಗಸರು ಮನೆಯಿಂದ ಮಾಡಿತಂದ ಸಿಹಿ ಮಾರುತ್ತಿದ್ದರು. ಜನ ಕೊಂಡು ತಿಂದು, ಕೈ ಒರೆಸಿಕೊಂಡು ಕೂತರು. ಹಾಡು ಸುರುವಾದ ಮೇಲೆ ಒಬ್ಬರೂ ತುಟಿ ಬಿಚ್ಚಲಿಲ್ಲ. ನಮ್ಮಲ್ಲಿ ಪಿಟೀಲು ಬಾರಿಸುವಾಗಲೇ ಮನೆ ಸುದ್ದಿ ಮುಗಿಸುವುದು.

ಬ್ಯಾಂಡಿನಲ್ಲಿ ನಾಲ್ವರು. ರೇ ಎಂಬವನು ಯಜಮಾನ, ಗಿಟಾರು ಹಿಡಿದು ಹಾಡುವವನು. ವಾರದ ದಿನ ಮನೆಗಳ ಮೇಲೆ ಹತ್ತಿ ಛಾವಣಿ ಹಾಕುತ್ತಾನೆ. ಅವನ ಹೆಂಡತಿ ಡಾಟ್ ಬಾಸಿನವಳು, ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸ. ಕರ್ಟಿಸ್ ಬ್ಯಾಂಜೊದವನು. ಸಣಕಲು ಮನುಷ್ಯ, ಶಾಲೆಯ ಬಸ್ಸು ಓಡಿಸುತ್ತಾನೆ. ನಾಲ್ಕನೆಯವನು ನನ್ನ ತಮ್ಮ. ಬಾರಿಸುವುದರಿಂದ ಇವರ್ಯಾರ ಹೊಟ್ಟೆಯೂ ತುಂಬುವುದಿಲ್ಲ. ಶುಕ್ರವಾರ ವ್ಯಾನು ಹತ್ತುತ್ತಾರೆ, ಸೋಮವಾರ ಕೆಲಸಕ್ಕೆ ಓಡುತ್ತಾರೆ. ಆ ಸಲ ಮಾತ್ರ ರಜೆ ಹಾಕಿ ಅಟ್ಲಾಂಟದವರೆಗೆ ಹೊರಟಿದ್ದರು.

ನಾಲ್ವರಿಗೂ ಒಂದೇ ಮೈಕು. ಇದು ಅವರ ಪದ್ಧತಿ. ಹಾಡುವವನು ಮೈಕಿನ ಹತ್ತಿರ ಇರುತ್ತಾನೆ, ಉಳಿದವರು ಅರ್ಧ ಹೆಜ್ಜೆ ಹಿಂದೆ. ಹಾಡಿನ ನಡುವೆ ಯಾರ ಪಾಳಿ ಬರುತ್ತದೋ ಅವರು ಮುಂದೆ ಬಂದು, ತಮ್ಮ ವಾದ್ಯವನ್ನು ಮೈಕಿಗೆ ಒಡ್ಡಿ ನುಡಿಸಿ, ಸರಿದು ಹಿಂದೆ ಹೋಗಬೇಕು. ಅಷ್ಟರಲ್ಲಿ ಮತ್ತೊಬ್ಬರು ಮುಂದೆ. ಕೈ ಮಾಡಿ ಕರೆಯುವುದಿಲ್ಲ, ಹೆಸರು ಕೂಗುವುದಿಲ್ಲ. ಹಾಡು ಕೇಳುತ್ತ ಕೇಳುತ್ತ ತಮ್ಮ ಪಾಳಿ ತಾವೇ ತಿಳಿಯಬೇಕು. ನನಗೆ ನಮ್ಮ ಚಾಳಿನ ನಳ ನೆನಪಾಯಿತು. ನಲವತ್ತು ಮನೆಗೆ ಒಂದೇ ನಳ. ನಾವು ಕೊಡ ಹಿಡಿದು ಹೀಗೇ ಮುಂದೆ ಹೋಗಿ, ತುಂಬಿಸಿ, ಯಾರಿಗೂ ತಾಗದ ಹಾಗೆ ಹಿಂದೆ ಬರುತ್ತಿದ್ದೆವು.

ಮೂರನೆಯ ಹಾಡಿಗೆ ವಸಂತ ತಪ್ಪಿದ. ಕರ್ಟಿಸನ ಪಾಳಿಯಲ್ಲಿ ತಾನು ಮುಂದೆ ಹೋದ. ಪಿಟೀಲಿನ ಕಮಾನು ಕರ್ಟಿಸನ ಟೊಪ್ಪಿಗೆಗೆ ಸಿಕ್ಕಿ ಟೊಪ್ಪಿಗೆ ಕೆಳಗೆ ಬಿತ್ತು. ಜನ ಇದು ಬೇಕೆಂದೇ ಮಾಡಿದ ತಮಾಷೆ ಎಂದು ನಕ್ಕರು. ವಸಂತನೂ ನಕ್ಕು ಬಗ್ಗಿ ನಮಸ್ಕಾರ ಮಾಡಿದ. ನಾನು ನಗಲಿಲ್ಲ. ಅಲ್ಲಿಯವರೆಗೂ ಅವನ ಕಣ್ಣು ರೇಯ ಬೂಟಿನ ಮೇಲಿತ್ತು. ಅವನು ತಾಳವನ್ನು ಕೇಳುತ್ತಿರಲಿಲ್ಲ, ನೋಡುತ್ತಿದ್ದ.

ಇನ್ನೊಂದು ಸಂಗತಿ. ನಮ್ಮ ಅಪ್ಪ ನಾಟಕ ಕಂಪನಿಯಲ್ಲಿ ಪಿಟೀಲು ಬಾರಿಸುತ್ತಿದ್ದ. ತಮ್ಮನಿಗೆ ಕಲಿಸಿದ. ನನಗೆ ಕಲಿಸಲಿಲ್ಲ, ಶ್ರುತಿಪೆಟ್ಟಿಗೆ ಕೈಗೆ ಕೊಟ್ಟು ಒತ್ತುತ್ತಿರು ಎಂದ. ನಾಲ್ಕನೆಯ ಇಯತ್ತೆಗೆ ಶಾಲೆ ನಿಂತಿತು, ಶ್ರುತಿಪೆಟ್ಟಿಗೆ ನಿಲ್ಲಲಿಲ್ಲ. ಮದುವೆಯಾಗುವವರೆಗೆ ಒತ್ತಿದೆ. ನನಗೆ ರಾಗದ ಹೆಸರು ಬಾರದು. ಸ್ವರ ಜರುಗಿದರೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ತಿಳಿಯುತ್ತದೆ. ಆ ದಿನ ವಸಂತನ ಕೆಳಗಿನ ತಂತಿಗಳು ಸರಿ ಇದ್ದವು. ಮೇಲಿನ ತಂತಿಗೆ ಬೆರಳು ಹೋದಾಗಲೆಲ್ಲ ಸ್ವರ ಏರುತ್ತಿತ್ತು. ಆದರೆ ಹಾಡು ಮುಗಿದಾಗ ಎಲ್ಲರೂ ನೋಡಿದ್ದು ಕರ್ಟಿಸನನ್ನು. ಕರ್ಟಿಸ್ ಮುಖ ಕೆಂಪು ಮಾಡಿಕೊಂಡು ಬ್ಯಾಂಜೊದ ಕಿವಿ ಹಿಂಡತೊಡಗಿದ.

ಲ್ಯಾನ್‌ಹ್ಯಾಮ್

ಭಾನುವಾರ ಶೈಲಾ ನಮ್ಮಿಬ್ಬರನ್ನೂ ಕಾರಿನಲ್ಲಿ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಕರೆದೊಯ್ದಳು. ಹೊರಗೆ ಕಾರುಗಳ ಜಾತ್ರೆ, ಒಳಗೆ ನಮ್ಮದೇ ಜನ. ಚಪ್ಪಲಿ ಬಿಡುವಲ್ಲಿ ನಮ್ಮೂರಿನ ಹಾಗೇ ಒಂದರ ಮೇಲೊಂದು. ಅದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು.

ಮಂಗಳಾರತಿಗೆ ವಸಂತ ನನ್ನ ಮುಂದೆ ನಿಂತು ಕಣ್ಣು ಮುಚ್ಚಿದ್ದ. ಅರ್ಚಕರು ಕೈಗಂಟೆ ಎತ್ತಿದರು. ಸಣ್ಣ ಗಂಟೆ, ತೆಳು ದನಿ. ಎಲ್ಲರ ಕೈಗಳೂ ಒಮ್ಮೆಲೇ ಮೇಲೆದ್ದವು. ವಸಂತನವು ಏಳಲಿಲ್ಲ. ಆರತಿಯ ಬಿಸಿ ಮುಖಕ್ಕೆ ತಾಗಿದ ಮೇಲೆ ಕಣ್ಣು ತೆರೆದ, ಅಕ್ಕಪಕ್ಕ ನೋಡಿದ, ಕೈ ಮುಗಿದ.

ನನ್ನ ಮನೆಯವರು ಹುಬ್ಬಳ್ಳಿಯ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿ ಮೂವತ್ತೊಂದು ವರ್ಷ ದುಡಿದರು. ಮಗ್ಗದ ಸದ್ದಿಗೆ ಗಿರಣಿ ಕಿವಿ ಹೇಗೆ ಹೋಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಹಕ್ಕಿಯ ದನಿ ಹೋಗುತ್ತದೆ. ಆಮೇಲೆ ಬಳೆಯ ಸದ್ದು, ಒಗ್ಗರಣೆಯ ಸದ್ದು, ಹೆಂಗಸರ ಮಕ್ಕಳ ಮಾತು. ಗಂಡಸರ ದಪ್ಪ ದನಿ ಕಡೆಯವರೆಗೆ ಉಳಿಯುತ್ತದೆ. ಆದ್ದರಿಂದ ಹೊರಗಿನವರಿಗೆ ತಿಳಿಯುವುದಿಲ್ಲ, ಮನೆಯ ಹೆಂಗಸಿಗೆ ತಿಳಿಯುತ್ತದೆ. ವಸಂತನ ಮನೆಯ ಹೆಂಗಸು ತೀರಿಹೋಗಿದ್ದಳು.

ಡರ್ಹಮ್

ಮರುದಿನ ವ್ಯಾನು ಹತ್ತಿ ದಕ್ಷಿಣಕ್ಕೆ ಹೊರಟೆವು. ಸಂಗೀತಗಾರರ ಬದುಕು ಎಂದರೆ ಬಾರಿಸುವುದಲ್ಲ, ಕೂತಿರುವುದು. ಒಂದು ತಾಸು ಬಾರಿಸಲು ಆರು ತಾಸು ರಸ್ತೆ. ದಾರಿಯಲ್ಲಿ ಒಂದು ಟೈರು ಒಡೆಯಿತು. ರೇ ಇಳಿದು ಬಿಚ್ಚಿದ. ಉಳಿದವರು ರಸ್ತೆಯ ಬದಿಗೆ ನಿಂತು ಬಾರಿಸಿದರು. ಹೋಗುವ ಕಾರುಗಳು ಹಾರ್ನು ಹೊಡೆದು ಹೋದವು.

ಡರ್ಹಮಿನಲ್ಲಿ ವಿಶ್ವವಿದ್ಯಾಲಯದ ಹತ್ತಿರ ಹುಲ್ಲಿನ ಮೇಲೆ ಮಧ್ಯಾಹ್ನದ ಕಾರ್ಯಕ್ರಮ. ಅಲ್ಲಿಯೂ ಅದೇ. ಪಿಟೀಲು ಏರಿತು, ಬ್ಯಾಂಜೊಕ್ಕೆ ಬೈಗುಳ. ಮುಗಿದ ಮೇಲೆ ರೇ ಕರ್ಟಿಸನ ಹೆಗಲ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಹೇಳಿದ. ಕರ್ಟಿಸ್ ವ್ಯಾನಿನ ಮೆಟ್ಟಿಲ ಮೇಲೆ ಕೂತು ಐದು ತಂತಿಗಳನ್ನೂ ಕಿತ್ತು ಹೊಸವು ಹಾಕಿದ. ಮೊನ್ನೆ ಹರ್ನ್‌ಡನ್ನಿನಲ್ಲೂ ಹೊಸವು ಹಾಕಿದ್ದ.

ಒಂದು ಮರದ ಕೆಳಗೆ ವಸಂತ ಒಬ್ಬನೇ ಸಿಕ್ಕ.

“ಆ ಬ್ಯಾಂಜೊದಾವಗ ಏನಂದ ರೇ?” ಎಂದು ಎದುರಿಗೆ ನಿಂತು ಕೇಳಿದೆ.

“ಶ್ರುತಿ ನಿಲ್ಲವಲ್ದು ಅಂದ. ಬ್ಯಾಂಜೊ ಹಂಗನ ಅಕ್ಕಾ. ಬಿಸಲಿಗೆ ಏರತೈತಿ, ತಂಪಿಗೆ ಇಳೀತೈತಿ. ಎಲ್ಲಾರೂ ಅದನ್ನ ಬೈತಾರ.”

“ಬ್ಯಾಂಜೊ ಏರಿಲ್ಲ,” ಎಂದೆ. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ಅದೇ ದನಿಯಲ್ಲಿ ಹೇಳಿದೆ: “ಏರಿದ್ದು ನಿನ್ನ ಪಿಟೀಲು.”

ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಸೆರಗು ಇಳಿಸಲಿ ಎಂದು ಕಾಯುತ್ತಿದ್ದ. ಇಳಿಸಿದೆ.

“ಕಿವಿ ಯಾವಾಗ ಹೋದವು?”

ಅವನು ಗದ್ದ ತಡವಿಕೊಂಡ. ಆಮೇಲೆ, “ಎರಡು ವರ್ಷ ಆತು. ಮ್ಯಾಲಿನ ತಂತಿ ಕೇಳಸೂದಿಲ್ಲ. ಗದ್ದಕ್ಕ ನಡಗೂದರ ಮ್ಯಾಲೆ ಬಾರಸ್ತೀನಿ,” ಎಂದ. “ಯಾರಿಗೂ ಹೇಳಬ್ಯಾಡ ಅಕ್ಕಾ. ಈ ಮೂರ ಮಂದಿ ಬಿಟ್ರ ನನಗ ಈ ದೇಶದಾಗ ಯಾರದಾರ?”

“ಮತ್ತ ಕರ್ಟಿಸ?”

“ಅವಗೇನ, ಹೊಸಾ ತಂತಿ ಹಾಕ್ಕೋತಾನ.”

ಆಗಲೇ ರೇಯನ್ನು ಕರೆದು ಹೇಳಿಸಬೇಕಿತ್ತು. ತಮ್ಮನ ಮುಖ ನೋಡಿ ಸುಮ್ಮನಾದೆ. ಅದು ನನ್ನ ತಪ್ಪು. ಅದನ್ನು ಬರೆಯದೆ ಮುಂದೆ ಹೋಗಲಾರೆ.

ಗಿರಣಿ ಊರು

ರೇ, ಡಾಟ್, ವಸಂತ ಇರುವುದು ಡರ್ಹಮಿನಿಂದ ಪಶ್ಚಿಮಕ್ಕಿರುವ ಸಣ್ಣ ಊರಿನಲ್ಲಿ. ನಡುವೆ ಮುಚ್ಚಿದ ಗಿರಣಿ, ಇಟ್ಟಂಗಿಯ ಚಿಮಣಿ, ಸುತ್ತಲೂ ಗಿರಣಿಯವರೇ ಕಟ್ಟಿಸಿದ ಒಂದೇ ನಮೂನೆಯ ಮನೆಗಳ ಸಾಲು. ನಮ್ಮ ಚಾಳನ್ನು ಯಾರೋ ಬಿಡಿಸಿ ದೂರ ದೂರ ಇಟ್ಟ ಹಾಗಿತ್ತು. ಕಿಟಕಿಗೆ ಹಲಗೆ ಬಡಿದ ಗಿರಣಿಯನ್ನು ವಸಂತ ಬೆರಳು ಮಾಡಿ ತೋರಿಸಿದ. “ಅಲ್ಲೇ ಎರಡನೇ ಮಾಳಗಿ ನಂದು,” ಎಂದ. ಇಡೀ ಮಾಳಿಗೆಯ ಮಗ್ಗಗಳನ್ನು ಕಿತ್ತು ಬೇರೆ ದೇಶಕ್ಕೆ ಮಾರಿದರಂತೆ.

ಆ ದಿನ ಡಾಟಳ ಮನೆಯಲ್ಲಿ ಊಟ. ನಾನು ಮಾಂಸ ತಿನ್ನುವುದಿಲ್ಲ ಎಂದು ವಸಂತ ಹೇಳಿದ್ದ. ಅವಳು ತಲೆಯಾಡಿಸಿ ಬೀನ್ಸ್ ಬೇಯಿಸಿದ್ದಳು. ಬಾಯಿಗೆ ಹಾಕಿಕೊಳ್ಳುವ ಮೊದಲು ಚಮಚಕ್ಕೆ ಹಂದಿಯ ಚೂರು ಸಿಕ್ಕಿತು. ರುಚಿಗೆ ಹಾಕಿದ್ದಂತೆ. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ. ತಟ್ಟೆ ಸರಿಸಿದೆ. ಡಾಟ್ ಬೇಜಾರು ಮಾಡಿಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಂದು ಗಾಜಿನ ಲೋಟ ತೆಗೆದು ಅದರಲ್ಲಿ ಮೆಕ್ಕೆಜೋಳದ ರೊಟ್ಟಿಯಂಥದ್ದನ್ನು ಮುರಿದು ಹಾಕಿ ಮೇಲೆ ಮಜ್ಜಿಗೆ ಸುರಿದು ಕೊಟ್ಟಳು. ನಾನು ಹುಟ್ಟಿದಾಗಿನಿಂದ ತಿಂದ ಊಟ. ಎರಡು ಲೋಟ ತಿಂದೆ.

ಗಂಡಸರು ಜಗಲಿಯಲ್ಲಿದ್ದರು. ನಾವಿಬ್ಬರೂ ಪಾತ್ರೆ ತೊಳೆಯುತ್ತಿದ್ದೆವು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಒಮ್ಮೆ ಕೈ ಒದ್ದೆಯಿತ್ತೆಂದು ನಾನು ಎರಡು ಬೆರಳು ತಿರುವಿ ನಳ ನಿಲ್ಲಿಸು ಎಂದು ಸನ್ನೆ ಮಾಡಿದೆ. ಹುಬ್ಬಳ್ಳಿಯಲ್ಲಿ ಮಗ್ಗ ನಿಲ್ಲಿಸು ಎನ್ನಲು ನಮ್ಮವರು ಮಾಡುತ್ತಿದ್ದ ಸನ್ನೆ. ಡಾಟ್ ನಕ್ಕು ನಿಲ್ಲಿಸಿದಳು, ತಾನೊಂದು ಸನ್ನೆ ಮಾಡಿದಳು: ಮುಂಗೈಗೆ ಬಡಿದು, ಹೊತ್ತಾಯಿತೇ? ಹದಿನಾರನೆಯ ವಯಸ್ಸಿನಿಂದ ಅವಳೂ ಆ ಗಿರಣಿಯಲ್ಲಿ ನೂಲು ತೆಗೆದವಳು. ಸದ್ದಿನೊಳಗೆ ದುಡಿದವರಿಗೆಲ್ಲ ಕೈಯೇ ಬಾಯಿ. ಗಂಡ, ಮಕ್ಕಳು, ಮನೆ, ಊಟ, ಗಿರಣಿ ಸಾಹೇಬನ ಮುಖ, ಎಲ್ಲವನ್ನೂ ಕೈಯಲ್ಲಿ ಆಡಿದೆವು.

ಆಮೇಲೆ ಡಾಟ್ ಕೈ ಒರೆಸಿಕೊಂಡು, ಕಿಟಕಿಯಿಂದ ವಸಂತನ ಬೆನ್ನನ್ನು ತೋರಿಸಿ, ತನ್ನ ಕಿವಿಯ ಮೇಲೆ ಅಂಗೈ ಮುಚ್ಚಿ, ಹುಬ್ಬು ಏರಿಸಿದಳು. ಗಿರಣಿಯವರಿಗೆ ಈ ಸನ್ನೆಗೆ ಎರಡನೆಯ ಅರ್ಥವಿಲ್ಲ. ಅವಳಿಗೆ ಅನುಮಾನ ಬಂದಿತ್ತು, ನನ್ನನ್ನು ಕೇಳುತ್ತಿದ್ದಳು. ನಾನು ತಿಳಿಯದವಳ ಹಾಗೆ ಪಾತ್ರೆ ಜೋಡಿಸಿದೆ.

ಮರುದಿನ ಬೆಳಿಗ್ಗೆ ಎಲ್ಲರೂ ಅದೇ ಅಡಿಗೆಮನೆಯ ಮೇಜಿಗೆ ಕೂತೆವು. ಮಧ್ಯಾಹ್ನ ಅಟ್ಲಾಂಟಕ್ಕೆ ಹೊರಡಬೇಕು. ಕರ್ಟಿಸ್ ಬಂದು ನಿಂತ, ಕೂರಲಿಲ್ಲ. ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನೆಲ ನೋಡುತ್ತ ಮಾತಾಡಿದ. ರೇ ಚಮಚ ಕೆಳಗಿಟ್ಟ. ವಸಂತನ ಕಣ್ಣು ಕರ್ಟಿಸನ ತುಟಿಯ ಮೇಲಿತ್ತು. ಆಮೇಲೆ ತಟ್ಟೆಗೆ ಬಿತ್ತು.

“ಏನಂತಾನ?” ಎಂದು ತೋಳು ಹಿಡಿದು ಕೇಳಿದೆ.

“ಅಟ್ಲಾಂಟ ಕಡೀದಂತ. ನನ್ನ ಕಿವಿ ಹೋಗ್ಯಾವು, ಶ್ರುತಿ ತಿಳೀವಲ್ದು, ಬ್ಯಾಂಡಿನ ಹೆಸರು ಕೆಡಸೂದಿಲ್ಲ, ಬ್ಯಾಂಜೊ ಮಾರಿಬಿಡ್ತೀನಿ ಅಂತಾನ.”

“ಅವನ ಕಿವಿ?”

ವಸಂತ ತಟ್ಟೆ ಆಚೆ ಸರಿಸಿದ.

ಆ ಮನುಷ್ಯ ಹದಿನೆಂಟು ವರ್ಷದಿಂದ ಇವರೊಂದಿಗೆ ಬಾರಿಸುತ್ತಿದ್ದ. ಎರಡು ವರ್ಷದಿಂದ ತಂತಿ ಬದಲಿಸಿ, ಬ್ಯಾಂಜೊದ ಚರ್ಮ ಬದಲಿಸಿ, ಕಡೆಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಕಳೆದುಕೊಂಡಿದ್ದ. ಸರಿ ಇರುವ ಕಿವಿ. ನಾನು ಎದ್ದು ನಿಂತೆ.

“ವಸಂತ, ನಾ ಹೇಳತೀನಿ, ನೀ ಅವರ ಮಾತಿನಾಗ ಹೇಳು. ಕರ್ಟಿಸನ ಕಿವಿ ಛಲೋ ಅದಾವು. ಹೋಗಿದ್ದು ನನ್ನ ತಮ್ಮನ ಕಿವಿ. ಎರಡು ವರ್ಷ ಮುಚ್ಚಿಟ್ಟಾನ. ಹೇಳು.”

ವಸಂತ ನನ್ನ ತುಟಿ ನೋಡಿದ. ಮೇಜಿನ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ರೇ ಸ್ವಲ್ಪ ನಕ್ಕ, ನನ್ನ ಕಡೆ ನೋಡಿ ತಲೆ ಬಗ್ಗಿಸಿದ. ಕರ್ಟಿಸನೂ ಒಣ ನಗೆ ನಕ್ಕ.

“ನಾ ಹೇಳಿದ್ದಕ್ಕ ಯಾರೂ ನಗೂದಿಲ್ಲ. ಏನ ಹೇಳಿದಿ?”

“ಕರ್ಟಿಸ ಹೋಗಬಾರದು, ಅವನ ಬ್ಯಾಂಜೊ ನನಗ ಹಿಡಿಸೇತಿ ಅಂತ ಅಕ್ಕ ಅಂದ್ಲು ಅಂದೆ.”

“ಖರೇ ಹೇಳು. ನೀ ಹೇಳದಿದ್ರ ನಾ ಹೇಳತೀನಿ. ನನಗ ಭಾಷಾ ಬೇಕಾಗಿಲ್ಲ.”

“ಅಕ್ಕಾ, ನಿನ್ನ ಕಾಲ ಬೀಳತೀನಿ.”

“ಅವಂದೂ ಕಾಲ ಅದಾವ, ಅಲ್ಲಿ ಬೀಳು.”

ಅವನು ಹೇಳಲಿಲ್ಲ. ನಾನು ಡಾಟಳ ಕಡೆ ತಿರುಗಿದೆ. ತಮ್ಮನನ್ನು ತೋರಿಸಿ ನನ್ನ ಕಿವಿಯ ಮೇಲೆ ಅಂಗೈ ಮುಚ್ಚಿದೆ. ಆಮೇಲೆ ಬೆರಳು ಮೇಲೆತ್ತಿ ಪಿಟೀಲಿನ ಡಬ್ಬಿಯನ್ನು ತೋರಿಸಿದೆ. ಕರ್ಟಿಸನನ್ನು ತೋರಿಸಿ, ಇಲ್ಲ ಎಂದು ಕೈ ಆಡಿಸಿದೆ. ಡಾಟ್ ನಿಧಾನಕ್ಕೆ ತಲೆಯಾಡಿಸಿ ಅವರಿಗೆ ಹೇಳಿದಳು. ನಾಲ್ಕೇ ಮಾತು.

ರೇ ವಸಂತನ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು ಒಂದೇ ಪ್ರಶ್ನೆ ಕೇಳಿದ. ವಸಂತ ಎರಡು ಬೆರಳು ಎತ್ತಿದ. ಕರ್ಟಿಸ್ ಟೊಪ್ಪಿಗೆ ಹಾಕಿಕೊಂಡು ಹೊರಗೆ ನಡೆದ. ಸಿಟ್ಟು ಬಂದು ಕೂಗಿದ್ದರೆ ಒಳ್ಳೆಯದಿತ್ತು.

ರೇ ತೀರ್ಮಾನ ಹೇಳಿದ. ಇದನ್ನು ಮಾತ್ರ ವಸಂತ ನನಗೆ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದ. “ಅಟ್ಲಾಂಟಕ್ಕ ಬಾ, ನಮ್ಮ ಜೋಡಿ ನಿಲ್ಲು, ಕೆಳಗಿನ ತಂತಿ ಬಾರಸು. ಮೈಕಿನ ಮುಂದ ಬರಬ್ಯಾಡ. ಮುಂದಿಂದು ಆಮ್ಯಾಲೆ ನೋಡೂಣು.” ಆಮೇಲೆ ತನ್ನದೂ ಒಂದು ಮಾತು ಸೇರಿಸಿದ. “ಸಮಾಧಾನ ಆತೇನು ನಿನಗ?”

“ಇಲ್ಲ,” ಎಂದೆ. ಸಮಾಧಾನಕ್ಕೆ ಮಾಡಿದ್ದಲ್ಲ ಅದು.

ದಕ್ಷಿಣ ಕೆರೊಲಿನಾ

ಮಧ್ಯಾಹ್ನ ವ್ಯಾನು ಹೊರಟಿತು. ಕರ್ಟಿಸ್ ಬಂದಿದ್ದ. ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದ. ವಸಂತ ನನ್ನ ಪಕ್ಕ ಬಾರದೆ ಬಾಸಿನ ಆಚೆ ಕೂತಿದ್ದ. ಹೊರಗೆ ಕೆಂಪು ಮಣ್ಣು, ಪೈನ್ ಮರ, ಚರ್ಚು. ಮತ್ತೆ ಕೆಂಪು ಮಣ್ಣು.

ಒಂದು ಕಡೆ ರಸ್ತೆಯ ಬದಿಗೆ ಮುದುಕನೊಬ್ಬ ದೊಡ್ಡ ಹಂಡೆಯಲ್ಲಿ ಶೇಂಗಾ ಕುದಿಸುತ್ತಿದ್ದ. ಸಿಪ್ಪೆ ಸಮೇತ, ಉಪ್ಪು ಹಾಕಿ, ನಮ್ಮ ಕಡೆಯ ಹಾಗೇ. ರೇ ವ್ಯಾನು ನಿಲ್ಲಿಸಿ ಒಂದು ಚೀಲ ತಂದ. ನಾನು ಎಲ್ಲರಿಗೂ ಹಿಡಿ ಹಿಡಿ ಕೊಟ್ಟೆ. ಕರ್ಟಿಸ್ ತೆಗೆದುಕೊಂಡು “ಥ್ಯಾಂಕ್ಯೂ ಮ್ಯಾಮ್” ಎಂದ. ವಸಂತ ಕೈ ಚಾಚಲಿಲ್ಲ. ಅವನ ಪಾಲನ್ನು ನಾನೇ ತಿಂದೆ.

ಕೂತು ಯೋಚಿಸಿದೆ. ನನ್ನ ಗಂಡನ ಕಿವಿ ಹೋದಾಗ ಅವರು ಕಳೆದುಕೊಂಡದ್ದು ನನ್ನ ಮಾತು. ಅದರಿಂದ ಅವರಿಗೆ ಅಂಥ ನಷ್ಟವೇನೂ ಆಗಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಇವನದು ಹಾಗಲ್ಲ. ಇವನಿಗೆ ಇದ್ದದ್ದು ಅದೊಂದು ಪಾಳಿ. ನಾನು ಅದನ್ನು ಕಿತ್ತುಕೊಂಡಿದ್ದೆ. ಮತ್ತೊಮ್ಮೆ ಆ ಅಡಿಗೆಮನೆಯಲ್ಲಿ ನಿಲ್ಲಿಸಿದರೆ ಮತ್ತೂ ಕಿತ್ತುಕೊಳ್ಳುತ್ತೇನೆ. ಎರಡೂ ಖರೆ.

ಅಟ್ಲಾಂಟ

ಅಟ್ಲಾಂಟ ದೊಡ್ಡ ಊರು, ರಸ್ತೆಗಳ ಮೇಲೆ ರಸ್ತೆ. ಕಾರ್ಯಕ್ರಮ ಒಂದು ಹಳೆಯ ಶಾಲೆಯ ಸಭಾಗೃಹದಲ್ಲಿ, ಮರುದಿನ ಸಂಜೆ ಆರಕ್ಕೆ. ಹಿಂದಿನ ಕೋಣೆಯಲ್ಲಿ ಎಲ್ಲರೂ ವಾದ್ಯ ಬಿಚ್ಚಿಕೊಂಡರು. ವಸಂತ ಪಿಟೀಲು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದ. ಇಷ್ಟು ದಿನ ಶ್ರುತಿ ಮಾಡಿದವನ ಹಾಗೆ ನಟಿಸುತ್ತಿದ್ದ, ಈಗ ನಟಿಸುವ ಹಾಗಿಲ್ಲ.

ಕರ್ಟಿಸ್ ಎದ್ದು ಬಂದ. ಮಾತಿಲ್ಲದೆ ಪಿಟೀಲನ್ನು ಅವನ ತೊಡೆಯಿಂದ ಎತ್ತಿಕೊಂಡ. ಒಡೆದೇ ಬಿಡುತ್ತಾನೆ ಎಂದುಕೊಂಡೆ. ಅವನು ಕಿವಿಯ ಹತ್ತಿರ ಹಿಡಿದು ಒಂದೊಂದೇ ತಂತಿ ಮೀಟಿ, ಬಿರಡೆ ತಿರುವಿ, ಮೀಟಿ, ತಿರುವಿ, ನಾಲ್ಕನ್ನೂ ಕೂಡಿಸಿದ. ಮೇಲಿನ ತಂತಿಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತ. ಎಲ್ಲೂ ಕಲ್ಲಿರಲಿಲ್ಲ. ಅವನ ಕಿವಿ ಅಷ್ಟು ಸ್ವಚ್ಛವಿತ್ತು. ಪಿಟೀಲನ್ನು ಮತ್ತೆ ತೊಡೆಯ ಮೇಲಿಟ್ಟು ಹೋದ. ವಸಂತನ ಮುಖವನ್ನು ನೋಡಲಿಲ್ಲ. ಅದನ್ನು ಕ್ಷಮೆ ಎಂದು ನಾನು ಬರೆಯುವುದಿಲ್ಲ. ಶ್ರುತಿ ಕೂಡಿಸಿದ, ಅಷ್ಟೇ.

ಬಾರಿಸಿದರು. ವಸಂತ ಹಿಂದೆ ಡಾಟಳ ಪಕ್ಕ ನಿಂತು ಕೆಳಗಿನ ತಂತಿಗಳ ಮೇಲೆ ಕಮಾನು ಎಳೆಯುತ್ತಿದ್ದ. ನಾಲ್ಕನೆಯ ಹಾಡು ಬಂತು. ಅದು ಪಿಟೀಲಿನ ಹಾಡು. ರೇ ಒಂದು ಸೊಲ್ಲು ಹಾಡಿ ಮೈಕಿನಿಂದ ಸರಿದ. ಎಷ್ಟೋ ವರ್ಷದ ರೂಢಿಯಿಂದ ಸರಿದ. ಮೈಕಿನ ಮುಂದೆ ಯಾರೂ ಇಲ್ಲ. ವಸಂತನ ಬಲಗಾಲು ಎದ್ದಿತು. ನಾನು ನೋಡಿದೆ. ಎದ್ದ ಕಾಲು ಅಲ್ಲೇ ಇಳಿಯಿತು. ಖಾಲಿ ಮೈಕು, ಹಿಂದೆ ಬಾಸಿನ ಸದ್ದು. ಬಹಳ ಹೊತ್ತು ಎನಿಸಿತು. ಆಮೇಲೆ ಕರ್ಟಿಸ್ ಮುಂದೆ ಬಂದು ಪಿಟೀಲಿನ ಪಾಳಿಯನ್ನು ಬ್ಯಾಂಜೊದಲ್ಲಿ ನುಡಿಸಿದ. ಅವಸರ ಮಾಡದೆ, ಪಿಟೀಲು ಹೋಗುತ್ತಿದ್ದ ದಾರಿಯಲ್ಲೇ ನುಡಿಸಿದ. ವಸಂತ ಅವನ ಬೆರಳನ್ನು ನೋಡುತ್ತ ನಿಂತಿದ್ದ. ಜನ ಚಪ್ಪಾಳೆ ತಟ್ಟಿದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಮೇಜು ಹಾಕಿ ಬ್ಯಾಂಡಿನ ಕ್ಯಾಸೆಟ್ಟು ಇಟ್ಟು ನಿಲ್ಲುತ್ತಾರೆ. ಅದೂ ಅವರ ಪದ್ಧತಿ. ಕೇಳಿದವರು ಬಂದು ಕೈ ಕುಲುಕಿ, ಹಸ್ತಾಕ್ಷರ ಹಾಕಿಸಿಕೊಂಡು ಹೋಗುತ್ತಾರೆ. ರೇ ವ್ಯಾನಿಗೆ ಸಾಮಾನು ಹೊರುತ್ತಿದ್ದ. ಕರ್ಟಿಸ್ ಅವನ ಹಿಂದೆ ಬ್ಯಾಂಜೊದ ಡಬ್ಬಿ ಹಿಡಿದು ಬರುತ್ತ ಏನೋ ಕೇಳಿದ. ಬರುವ ಶನಿವಾರ ಎಲ್ಲಿ, ಎಷ್ಟು ಗಂಟೆಗೆ ಎಂದು ಕೇಳಿದನೆಂದು ಆಮೇಲೆ ತಿಳಿಯಿತು.

ಮೇಜಿನ ಹತ್ತಿರ ವಸಂತ, ಪಕ್ಕದಲ್ಲಿ ನಾನು. ಊರುಗೋಲು ಹಿಡಿದ ಮುದುಕನೊಬ್ಬ ಬಂದ. ಪ್ರತಿವರ್ಷ ಬರುವವನಿರಬೇಕು, ವಸಂತನ ತೋಳು ತಟ್ಟಿ ಮಾತಾಡಿಸಿದ. ಬೆರಳಿನಿಂದ ಪಿಟೀಲು ಬಾರಿಸುವ ಹಾಗೆ ಮಾಡಿ, ಮೈಕಿನ ಕಡೆ ತೋರಿಸಿ, ಕೈ ತಿರುವಿದ. ಈ ಸಲ ಮುಂದೆ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದಾನೆಂದು ತಿಳಿಯಲು ನನಗೂ ಭಾಷೆ ಬೇಕಾಗಲಿಲ್ಲ.

ವಸಂತ ನನ್ನ ಕಡೆ ನೋಡಲಿಲ್ಲ. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಒಂದು ಕಿವಿಯ ಮೇಲೆ ಅಂಗೈ ಮುಚ್ಚಿ ಇಂಗ್ಲಿಷಿನಲ್ಲಿ ಹೇಳಿದ. ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಸಾಲಿನಲ್ಲಿದ್ದವರು ಸುಮ್ಮನಾದರು, ಅತ್ತ ಕುರ್ಚಿ ಮಡಚುತ್ತಿದ್ದವರು ತಿರುಗಿ ನೋಡಿದರು, ಬಾಗಿಲಲ್ಲಿ ಕರ್ಟಿಸ್ ನಿಂತ.

“ಇಷ್ಟು ಒದರಬ್ಯಾಡೋ, ಎಲ್ಲಾರಿಗೂ ಕೇಳಸೇತಿ,” ಎಂದೆ.

ಅವನು ಮುದುಕನ ತುಟಿ ನೋಡುತ್ತಿದ್ದ. ನನ್ನ ಮಾತು ಅವನಿಗೆ ಕೇಳಿಸಲಿಲ್ಲ.